ಗಣಿತ ಮತ್ತು ಅಳತೆ ಇದ್ದರೆ ‘ಏನಿದೆ, ಯಾಕಿದೆ’ ಅಂತ ಹೇಳಿಬಿಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಗಣಿತದ ಸ್ವಯಂಸಿದ್ಧಗಳನ್ನೂ (ಸಾಧಿಸದೆ ಮೊದಲೇ ನಿಜ ಅಂತ ಒಪ್ಪಿಕೊಳ್ಳುವ ಮಾತುಗಳು) ಭೌತಶಾಸ್ತ್ರದ ಅಳತೆಗಳನ್ನೂ ತಳಪಾಯ ಮಾಡಿಕೊಂಡು ‘ಏನಿದೆ, ಯಾಕಿದೆ’ ಅನ್ನೋದಕ್ಕೆ ಗಟ್ಟಿ ಸಿದ್ಧಾಂತ ಕಟ್ಟಬಹುದಲ್ಲ, ಉಳಿದದ್ದೆಲ್ಲ ಬರೀ ಮಾತು ಅಲ್ವಾ?

ನಾನು ಸಾಗರದ ಕಡೆ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ನನ್ನ ಕೇಳಿದರೆ ಇವೆರಡೂ ತಳಪಾಯ ಆಗೋದಿಲ್ಲ. ಆದರೆ ಸಿದ್ಧಾಂತದ ತಪ್ಪು ಹಿಡಿಯೋದಕ್ಕೆ ಇವನ್ನು ಮೀರಿಸಿದ್ದು ಬೇರೆ ಇಲ್ಲ.

ಸ್ವಯಂಸಿದ್ಧ ಹೇಳೋದು ‘ಹೀಗಿದ್ದರೆ ಹೀಗೆ’ ಅಂತ ಅಷ್ಟೇ. ‘ಹೀಗೇ ಇದೆ’ ಅಂತ ಅದು ಹೇಳೋದಿಲ್ಲ. ಯೂಕ್ಲಿಡನ ಸಮಾಂತರ ರೇಖೆಯ ನಿಯಮವನ್ನು (ಒಂದು ರೇಖೆಯ ಹೊರಗಿನ ಬಿಂದುವಿನ ಮೂಲಕ ಅದಕ್ಕೆ ಸಮಾಂತರವಾಗಿ ಒಂದೇ ರೇಖೆ ಎಳೆಯಬಹುದು ಅನ್ನೋದು) ಎರಡು ಸಾವಿರ ವರ್ಷ ಲೋಕದ ಸತ್ಯ ಅಂತಲೇ ನಂಬಿದ್ದರು. 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಲ್ಯಾಯಿ ಅದನ್ನು ಬಿಟ್ಟು ಬೇರೆಯೇ ರೇಖಾಗಣಿತ ಪ್ರಕಟಿಸಿದರು. ಅಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಯೂಕ್ಲಿಡನದರಲ್ಲಿ ಒಂದು ಮಾತು ಇನ್ನೊಂದನ್ನು ಸುಳ್ಳು ಮಾಡುವಂಥ ವಿರೋಧ ಇಲ್ಲ ಅಂತಾದರೆ ಇದರಲ್ಲೂ ಇಲ್ಲ. ಇವೆರಡರಲ್ಲಿ ನಾವಿರುವ ಜಗತ್ತು ಯಾವುದು? ಗಣಿತ ಬಾಯಿ ಬಿಡುವುದಿಲ್ಲ. (ಗಣಿತದ ಕೆಲವು ನಿಜಗಳನ್ನು ಸ್ವಯಂಸಿದ್ಧಗಳಿಂದ ಸಾಧಿಸೋಕೆ ಆಗೋದಿಲ್ಲ ಅನ್ನುವ 1931ರ ಗೋಡೆಲ್ ಪ್ರಮೇಯ ಹಿಡಿದು ‘ವಿಜ್ಞಾನ ಸೋತಿತು’ ಅಂತ ವಾಟ್ಸಾಪಿನಲ್ಲಿ ಬರೋದನ್ನೆಲ್ಲ ನಂಬಬೇಡಿ. ಅದು ಸ್ವಯಂಸಿದ್ಧಗಳ ಮಿತಿಯ ಮಾತು, ಪ್ರಯೋಗಗಳದ್ದಲ್ಲ.)

ಹಾಗಾದರೆ ಅಳತೆಯನ್ನೇ ಕೇಳೋಣ ಅಂತೀರಿ. ಮಳೆಗಾಲದಲ್ಲಿ ನಮ್ಮ ಕಡೆಯವರು ದಿನಾ ಪೇಪರಿನಲ್ಲಿ ಹುಡುಕೋದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ನೀರಿನ ಮಟ್ಟ. ತುಂಬಿದರೆ 1819 ಅಡಿ. ಅಣೆಕಟ್ಟೆ ಅಷ್ಟು ಎತ್ತರ ಇಲ್ಲ, ಅದು ಸಮುದ್ರ ಮಟ್ಟದಿಂದ ಎಣಿಸಿದ್ದು. ಯಾವ ಸಮುದ್ರ? ಶರಾವತಿ ಹೋಗಿ ಸೇರುವ ಹೊನ್ನಾವರದಲ್ಲಿ ನಿಂತು ನೋಡಿದರೂ ಅಲೆ, ಉಬ್ಬರ, ಇಳಿತ ಇಲ್ಲದ ಸಮುದ್ರ ಕಾಣೋದಿಲ್ಲ. ಕರಾವಳಿಯಲ್ಲಿ ವರ್ಷಗಟ್ಟಲೆ ನೀರಿನ ಮಟ್ಟ ಬರೆದಿಟ್ಟು, ಸರಾಸರಿ ತೆಗೆದು, ಅದನ್ನೇ ಸೊನ್ನೆ ಅಂತ ಒಪ್ಪಿಕೊಂಡು, ಅಲ್ಲಿಂದ ಘಟ್ಟದ ಮೇಲಿನವರೆಗೆ ಲೆಕ್ಕ ತಂದಿದ್ದಾರೆ. ನೀರು ನಿಜ, ಗೇಟು ಎತ್ತಬೇಕಾಗೋದೂ ನಿಜ. ಆದರೆ ಆ 1819ರೊಳಗೆ ಒಪ್ಪಂದ, ಸರಾಸರಿ, ರೇಖಾಗಣಿತ ಎಲ್ಲ ಮೊದಲೇ ಸೇರಿಕೊಂಡಿವೆ. ಕಿಲೋಗ್ರಾಂ ಕತೆಯೂ ಇದೇ. 2019ರ ಮೇ 20ರವರೆಗೆ ಅದು ಪ್ಯಾರಿಸ್ ಹತ್ತಿರ ಇಟ್ಟಿದ್ದ ಒಂದು ಲೋಹದ ತುಂಡು. ಈಗ ಕ್ವಾಂಟಂ ಭೌತಶಾಸ್ತ್ರದ ಒಂದು ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕಕ್ಕೆ ನಾವೇ ಗೊತ್ತು ಮಾಡಿದ ಬೆಲೆಯಿಂದ ಅದು ಬರುತ್ತದೆ. ಸಿದ್ಧಾಂತ ಮೊದಲೇ ಇಲ್ಲದೆ ಅಳೆಯೋದಕ್ಕೇ ಆಗೋದಿಲ್ಲ.

ಎರಡನ್ನೂ ಕೂಡಿಸಿದರೆ? ಇಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ ಫ್ರಾನ್ಸಿನ ಖಗೋಳಜ್ಞ ಲವೆರಿಯೆ. ಯುರೇನಸ್ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಆಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಆತ ಕಾಗದದ ಮೇಲೆ ಜಾಗ ಹುಡುಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಮುಂದೆ ಬುಧನ ಕಕ್ಷೆಯಲ್ಲೂ ಚೂರು ವ್ಯತ್ಯಾಸ ಕಂಡಿತು. ಲವೆರಿಯೆ ಅದೇ ಜಾಡು ಹಿಡಿದು 1859ರಲ್ಲಿ ಸೂರ್ಯನ ಹತ್ತಿರ ಕಾಣದ್ದೇನೋ ಇದೆ ಅಂದ. ‘ವಲ್ಕನ್’ ಅಂತ ಹೆಸರೂ ಬಿತ್ತು. ಕೆಲವರು ಕಂಡೆವು ಅಂತಲೂ ಹೇಳಿದರು! ಆದರೆ ಅಂಥ ಗ್ರಹವೇ ಇರಲಿಲ್ಲ.

ಅದೇ ಮನುಷ್ಯ, ಅದೇ ನ್ಯೂಟನ್ ಗಣಿತ, ಅಷ್ಟೇ ಎಚ್ಚರದ ಅಳತೆ. ಒಂದು ಸಲ ಗ್ರಹ ಇತ್ತು, ಇನ್ನೊಂದು ಸಲ ಇರಲಿಲ್ಲ. ಬುಧನ ಆ ವ್ಯತ್ಯಾಸ ಶತಮಾನಕ್ಕೆ 43 ಸೆಕೆಂಡು, ಅಂದರೆ ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ 43. ಅದಕ್ಕೆ ಸರಿಯಾದ ಲೆಕ್ಕ ಕೊಟ್ಟಿದ್ದು 1915ರಲ್ಲಿ ಐನ್‌ಸ್ಟೈನ್, ಅದೂ ಗಣಿತಜ್ಞ ರೀಮನ್ ತೋರಿಸಿದ ದಾರಿಯ, ಬಾಗಿದ ಜಾಗದ ರೇಖಾಗಣಿತ ಬಳಸಿ. ಅಲ್ಲಿ ಕೊರತೆ ಇದ್ದದ್ದು ಗ್ರಹದ್ದಲ್ಲ. ಬದಲಾಗಬೇಕಿದ್ದದ್ದು ಯೂಕ್ಲಿಡನ ಸ್ವಯಂಸಿದ್ಧವೇ. ಅಷ್ಟು ಸಣ್ಣ ಸಂಖ್ಯೆಯನ್ನು ಸುಮ್ನೆ ಬದಿಗೆ ತಳ್ಳದೆ ಇದ್ದದ್ದರಿಂದ ಅದು ಗೊತ್ತಾಯಿತು.

ಹಾಗಂತ ಉಳಿದದ್ದೆಲ್ಲ ಬರೀ ಮಾತು ಅನ್ನೋದನ್ನು ನಾನು ಒಪ್ಪಲ್ಲ. ‘ಅಳತೆಯೇ ಸಾಕು’ ಅನ್ನೋ ಮಾತನ್ನು ಯಾವ ಅಳತೆಯಿಂದ ಸಾಧಿಸುತ್ತೀರಿ? ಅದೂ ತತ್ವಶಾಸ್ತ್ರವೇ.

ಇನ್ನು ‘ಯಾಕಿದೆ’. ಕ್ವಾಂಟಂ ನಿರ್ವಾತದಿಂದ (ಕಣಗಳೇನೂ ಇಲ್ಲದ ಖಾಲಿ ಸ್ಥಿತಿಯಿಂದ) ವಿಶ್ವ ಹುಟ್ಟಿತು, ಅಂದರೆ ಏನೂ ಇಲ್ಲದ್ದರಿಂದ ಎಲ್ಲ ಬಂತು ಅಂತ ಕೆಲವರು ವಾದಿಸುತ್ತಾರೆ. ಆ ನಿರ್ವಾತಕ್ಕೆ ಶಕ್ತಿ ಇದೆ, ನಿಯಮ ಇದೆ, ಸಮೀಕರಣ ಇದೆ. ಅದನ್ನು ‘ಏನೂ ಇಲ್ಲ’ ಅಂತ ಕರೆದರೆ ಉತ್ತರ ಕೊಟ್ಟ ಹಾಗಾಗಲಿಲ್ಲ, ಪ್ರಶ್ನೆಯನ್ನು ಒಂದು ಮೆಟ್ಟಿಲು ಹಿಂದಕ್ಕೆ ಇಟ್ಟ ಹಾಗಾಯಿತು.