ಕ್ರಿಸ್ಮಸ್ ಕುಸ್ವಾರ್: ಕೊನೇ ವಾರದ ಧಾವಂತ ತಪ್ಪಿಸಲು ಯಾವುದನ್ನು ಯಾವಾಗ ಮಾಡಬೇಕು?

ಕುಸ್ವಾರ್, ಅಂದರೆ ಮಂಗಳೂರು ಕಡೆಯ ಕ್ರಿಸ್ಮಸ್ ತಿಂಡಿಗಳನ್ನೆಲ್ಲ ಒಂದೇ ವಾರಕ್ಕೆ ಇಟ್ಟುಕೊಂಡರೆ ಸೊಂಟ ಬಿದ್ದುಹೋಗುತ್ತದೆ. ಕೇಕಿನ ಒಣದ್ರಾಕ್ಷಿ, ಖರ್ಜೂರ ನವೆಂಬರ್ ಮೊದಲ ವಾರದಲ್ಲೇ ಹೆಚ್ಚಿ ರಮ್ಮಿನಲ್ಲಿ ನೆನೆಸಿಡಿ. ಅರ್ಧ ಕಿಲೋ ಹಣ್ಣಿಗೆ ಸುಮಾರು 250 ಮಿ.ಲೀ. ರಮ್ ಸಾಕು. ಗಾಜಿನ ಭರಣಿಯಲ್ಲಿ ನೀರಿನ ಪಸೆ ಇರಕೂಡದು.

ಕಿಡಿಯೊ (ಸುರುಳಿ ಸುತ್ತಿ ಕರಿಯುವ ಪುಟ್ಟ ಸಿಹಿ ತಿಂಡಿ), ಕೊಕ್ಕಿಸಾಂ (ರೋಸ್ ಕುಕ್ಕೀಸ್) ಡಿಸೆಂಬರ್ 12ರ ಹೊತ್ತಿಗೆ ಕರಿಯಬಹುದು. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ, ಬಿಸಿಯಲ್ಲಿ ಮುಚ್ಚಿದರೆ ಬೆವತು ಮೆತ್ತಗಾಗುತ್ತವೆ. ಕೈಕೊಡುವುದು ಹೆಚ್ಚಾಗಿ ಕೊಕ್ಕಿಸಾಂ ಅಚ್ಚು. ಅದು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ, ಹಾಗಾಗಿ ಪ್ರತಿ ಸಲ ಎಣ್ಣೆಯಲ್ಲಿ ಕಾಯಿಸಿ ಮುಕ್ಕಾಲು ಭಾಗ ಮಾತ್ರ ಹಿಟ್ಟಿಗೆ ಅದ್ದಿ. ಪೂರ್ತಿ ಮುಳುಗಿತೋ, ಹಿಟ್ಟು ಮೇಲೂ ಮುಚ್ಚಿಕೊಂಡು ಬಿಡಿಸಲು ಬರುವುದಿಲ್ಲ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡಿ.

ನೆವ್ರಿಗೆ (ಕಾಯಿತುರಿಯ ಹೂರಣ ತುಂಬಿದ ಕರಿಗಡುಬು) ಮಾತ್ರ ಅವಸರ ಬೇಡ. ಕಾಯಿತುರಿ ಎಷ್ಟು ಹುರಿದರೂ ಬೇಗ ಕಮಟುತ್ತದೆ. 22ರ ನಂತರ ಮಾಡಿ.