ಅಕ್ಕನಿಗೆ ಸೀಲಿಯಾಕ್, ತಮ್ಮನಿಗೂ ಪರೀಕ್ಷೆ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಎಂಟು ವರ್ಷ. ಒಂದು ವರ್ಷದಿಂದ ಹೊಟ್ಟೆ ಉಬ್ಬರ, ಆಗಾಗ ಭೇದಿ. ತೂಕ ಏರಲೇ ಇಲ್ಲ. ಕಳೆದ ತಿಂಗಳು ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಯಿತು. ಗೋಧಿ ಬಿಡಿಸಿದ ಮೇಲೆ ಚೇತರಿಸಿಕೊಳ್ಳುತ್ತಿದ್ದಾಳೆ. ಅವಳ ತಮ್ಮನಿಗೆ ನಾಲ್ಕು ವರ್ಷ. ಗುಂಡುಗುಂಡಾಗಿದ್ದಾನೆ. ಮಲಬದ್ಧತೆ ಬಿಟ್ಟರೆ ಬೇರೇನೂ ತೊಂದರೆ ಇಲ್ಲ. ಅವನಿಗೂ ಪರೀಕ್ಷೆ ಮಾಡಿಸಬೇಕಾ? “ಸುಮ್ನೆ ಮಗುವಿಗೆ ಸೂಜಿ ಯಾಕೆ ಚುಚ್ಚಿಸ್ತೀರಿ, ಅವನಿಗೂ ಗೋಧಿ ನಿಲ್ಲಿಸಿಬಿಡಿ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು” ಅಂತಾರೆ ನಮ್ಮತ್ತೆ.

ಉತ್ತರ: ಮಾಡಿಸಬೇಕು. ರಕ್ತ ಕೊಡುವ ದಿನದವರೆಗೂ ಅವನು ಎಂದಿನಂತೆ ಗೋಧಿ ತಿನ್ನುತ್ತಿರಬೇಕು. ನಿಮ್ಮತ್ತೆಯವರದು ಮೊಮ್ಮಗನ ಮೇಲಿನ ಪ್ರೀತಿ, ಅರ್ಥವಾಗುತ್ತದೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.

ಕಾರಣ ಇಷ್ಟೇ. ಈ ಕಾಯಿಲೆಯಲ್ಲಿ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಒಳಗೆ ಹೋದಾಗ ದೇಹ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ಸಿಗುವುದು ಆ ದಾಳಿಯ ಗುರುತು, ಅಂದರೆ ಆಂಟಿಬಾಡಿಗಳು. ಗೋಧಿ ನಿಲ್ಲಿಸಿ ಕೆಲವು ತಿಂಗಳಾದರೆ ಅವು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ. ಕಾಯಿಲೆ ಇದ್ದರೂ ರಿಪೋರ್ಟ್ ‘ನೆಗೆಟಿವ್’ ಬರಬಹುದು. ಆಮೇಲೆ ನಿಜ ತಿಳಿಯಬೇಕೆಂದರೆ ಕಡಿಮೆಯೆಂದರೂ ಆರು ವಾರ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಹೊತ್ತಿನ ಊಟದಲ್ಲಿ, ಮತ್ತೆ ಗೋಧಿ ತಿನ್ನಿಸಬೇಕು. ಆರಾಮಾಗಿರುವ ಮಗುವಿಗೆ ಹೊಟ್ಟೆನೋವು ಬರಲಿ ಅಂತ ಕಾದು ಕೂರುವುದು ಯಾವ ತಾಯಿಗೂ ಬೇಡ.

‘ನಮ್ಮ ಕಾಲದಲ್ಲೂ’ ಇತ್ತು ಅಂತ ಅತ್ತೆಯವರಿಗೆ ಹೇಳಿ. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲೇ ಇದನ್ನು ವಿವರಿಸಿ, ವಾಸಿಯಾಗುವುದಿದ್ದರೆ ಊಟದಿಂದಲೇ ಎಂದಿದ್ದರು. ಯಾವ ಊಟ ಅನ್ನುವುದು ಮಾತ್ರ ಅವರಿಗೆ ತಿಳಿಯಲಿಲ್ಲ. ತಪ್ಪು ಗೋಧಿಯದು ಅಂತ ಲೆಕ್ಕ ಇಟ್ಟು ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ, 1950ರ ಪ್ರಬಂಧದಲ್ಲಿ. ಈಗ ನಾವು ಮಾಡಿಸುವ ರಕ್ತಪರೀಕ್ಷೆಗೆ ದಾರಿಯಾದದ್ದು 1997ರ ಸಂಶೋಧನೆ. ಅಂದಮೇಲೆ ಹಿಂದಿನವರಲ್ಲಿ ಎಷ್ಟೋ ಜನರಿಗೆ ಕಾಯಿಲೆ ಇದ್ದರೂ ಹೆಸರು ಸಿಕ್ಕಿರಲಿಲ್ಲ, ಅಷ್ಟೆ.

ಸಾಮಾನ್ಯವಾಗಿ 100 ಜನರಲ್ಲಿ ಒಬ್ಬರಿಗೆ ಸೀಲಿಯಾಕ್ ಇರುತ್ತದೆ. ಕಾಯಿಲೆ ಇರುವವರ ಒಡಹುಟ್ಟಿದವರು, ಅಪ್ಪ-ಅಮ್ಮ, ಮಕ್ಕಳಲ್ಲಿ ಅದು ಹೆಚ್ಚುಕಡಿಮೆ 10ರಲ್ಲಿ ಒಬ್ಬರಿಗೆ. ಅಪ್ಪ-ಅಮ್ಮ ಅಂದೆ, ಗಮನಿಸಿದಿರಾ? ನೀವೂ ನಿಮ್ಮ ಯಜಮಾನರೂ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ‘ಗುಂಡುಗುಂಡಾಗಿದ್ದಾನೆ’ ಅನ್ನುವ ಮಾತು. ಕಡ್ಡಿಯಂಥ ಕೈಕಾಲು, ಮುಂದೆ ಬಂದ ಹೊಟ್ಟೆ, ಸದಾ ಭೇದಿ. ಸೀಲಿಯಾಕ್ ಅಂದರೆ ಇದೇ ಚಿತ್ರ ನಮ್ಮ ತಲೆಯಲ್ಲೂ ಕೂತುಬಿಟ್ಟಿದೆ. ನಾನೂ ಇದೇ ಚಿತ್ರ ನಂಬಿ ಒಮ್ಮೆ ಎಡವಿದ್ದೇನೆ. ಏಳೂವರೆ ವರ್ಷದ ಹುಡುಗ, ಮೈಕೈ ತುಂಬಿಕೊಂಡಿದ್ದ. ಮಲಬದ್ಧತೆ ಅಂತ ಬರುತ್ತಿದ್ದ. ಒಂದೂವರೆ ವರ್ಷ ನಾನು ಸಿರಪ್ ಬದಲಿಸುತ್ತಾ, “ನೀರು ಜಾಸ್ತಿ ಕುಡಿ, ತರಕಾರಿ ತಿನ್ನು” ಅಂತ ಬುದ್ಧಿ ಹೇಳುತ್ತಾ ಕಳೆದೆ. ಕೊನೆಗೆ ಅವನ ಹಲ್ಲಿನ ಡಾಕ್ಟರು ಒಂದು ಚೀಟಿ ಕೊಟ್ಟು ಕಳಿಸಿದರು: ‘ಸೀಲಿಯಾಕ್ ನೋಡಿದ್ದೀರಾ?’

ನೋಡಿರಲಿಲ್ಲ. ಹುಡುಗನಿಗೆ ಬಾಯಿ ತೆರೆಯಲು ಹೇಳಿದೆ. ಆಗಷ್ಟೇ ಪೂರ್ತಿ ಇಳಿದಿದ್ದ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು, ಉಗುರು ಆಡಿಸಿದರೆ ತಡೆಯುವಷ್ಟು ಆಳ. ಜೊತೆಗೆ ಹಳದಿ-ಕಂದು ಮಚ್ಚೆ. ಎಡಗಡೆ ಎಲ್ಲಿತ್ತೋ ಬಲಗಡೆಯೂ ಅಲ್ಲೇ, ಕನ್ನಡಿ ಹಿಡಿದ ಹಾಗೆ. ಶಾಶ್ವತ ಹಲ್ಲುಗಳ ಎನಾಮೆಲ್ ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲೇ ಕಾಯಿಲೆ ಶುರುವಾದರೆ ಹೀಗಾಗಬಹುದು. ಹುಳುಕು ಹೀಗೆ ಎರಡೂ ಕಡೆ ಒಂದೇ ಅಳತೆಯಲ್ಲಿ ಬರುವುದು ಕಡಿಮೆ. ರಕ್ತಪರೀಕ್ಷೆ ಪಾಸಿಟಿವ್ ಬಂತು. ಆವತ್ತಿನಿಂದ ಹೊಟ್ಟೆ ಮುಟ್ಟುವ ಮೊದಲು ಬಾಯಿ ತೆರೆಸುವುದು ನನಗೆ ಅಭ್ಯಾಸ. ನಿಮ್ಮ ಮಗನಿಗೆ ಇನ್ನೂ ಹಾಲುಹಲ್ಲು, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮಲಬದ್ಧತೆ ಮಾತ್ರ ಸೀಲಿಯಾಕ್‌ನ ಲಕ್ಷಣವೂ ಆಗಿರಬಹುದು, ಮರೆಯಬೇಡಿ. ಹಾಗಂತ ಮಲಬದ್ಧತೆ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಸೀಲಿಯಾಕ್ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಇರುವುದರಿಂದ ನಿಮ್ಮ ಲೆಕ್ಕ ಬೇರೆ.

ಪರೀಕ್ಷೆಯ ಚೀಟಿಯಲ್ಲಿ ಎರಡು ಹೆಸರು ಇರಬೇಕು: ಟಿಟಿಜಿ-ಐಜಿಎ (ಮೇಲೆ ಹೇಳಿದ ಆಂಟಿಬಾಡಿ ಹುಡುಕುವುದು ಇದೇ), ಮತ್ತು ಟೋಟಲ್ ಐಜಿಎ (ಐಜಿಎ ಬಗೆಯ ಆಂಟಿಬಾಡಿ ಒಟ್ಟು ಎಷ್ಟಿದೆ ಅನ್ನುವುದು). ಕೆಲವು ಮಕ್ಕಳ ದೇಹದಲ್ಲಿ ಐಜಿಎ ತಯಾರಾಗುವುದೇ ಇಲ್ಲ. ಅಂಥವರಲ್ಲಿ ಮೊದಲನೆಯದು ಸುಳ್ಳು ಸಮಾಧಾನ ಕೊಡುತ್ತದೆ, ಐಜಿಜಿ ಎಂಬ ಇನ್ನೊಂದು ಬಗೆಯ ಆಂಟಿಬಾಡಿಯ ಪರೀಕ್ಷೆ ಬೇಕಾಗುತ್ತದೆ. ಟಿಟಿಜಿ ಮಾಮೂಲಿ ಮಿತಿಯ 10 ಪಟ್ಟು ಅಥವಾ ಅದಕ್ಕಿಂತ ಮೇಲಿದ್ದು, ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಆಂಟಿಬಾಡಿ ಪರೀಕ್ಷೆಯೂ ಪಾಸಿಟಿವ್ ಆದರೆ, ಮಕ್ಕಳಲ್ಲಿ ಎಂಡೋಸ್ಕೋಪಿ ಮಾಡದೆಯೇ ಕಾಯಿಲೆ ಖಚಿತ ಅನ್ನಬಹುದು. ಅಷ್ಟು ಏರದಿದ್ದರೆ ಸಣ್ಣ ಕರುಳಿನ ಬಯಾಪ್ಸಿ, ಅಂದರೆ ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ನೋಡುವುದು, ಬೇಕು. ಈಗ ನೆಗೆಟಿವ್ ಬಂದರೂ ಫೈಲು ಮುಚ್ಚಿಡಬೇಡಿ. ಈ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ನನ್ನಲ್ಲಿ ಬರುವ ಇಂಥ ಮಕ್ಕಳನ್ನು ಎರಡು-ಮೂರು ವರ್ಷಕ್ಕೊಮ್ಮೆ ಮತ್ತೆ ಕರೆಯುತ್ತೇನೆ. ನಡುವೆ ಏನಾದರೂ ಲಕ್ಷಣ ಕಂಡರೆ ಇನ್ನೂ ಬೇಗ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಟೈಪ್ 1 ಮಧುಮೇಹ, ಇನ್ಸುಲಿನ್ ನಡೆಯುತ್ತಿದೆ. ಈಗ ಡಾಕ್ಟರು ಸೀಲಿಯಾಕ್ ಪರೀಕ್ಷೆ ಬರೆದಿದ್ದಾರೆ. ಅವನಿಗೆ ಒಂದು ದಿನವೂ ಹೊಟ್ಟೆನೋವು ಬಂದಿಲ್ಲ. ಸುಮ್ನೆ ಖರ್ಚು ಅಲ್ವಾ?

ಉತ್ತರ: ಅಲ್ಲ. ನಿಮ್ಮ ಡಾಕ್ಟರು ಸರಿಯಾಗೇ ಬರೆದಿದ್ದಾರೆ. ಟೈಪ್ 1 ಮಧುಮೇಹವೂ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ, ಅಂದರೆ ಆಟೋಇಮ್ಯೂನ್, ಕಾಯಿಲೆ. ಎರಡಕ್ಕೂ ಕೆಲವು ಜೀನ್‌ಗಳು ಒಂದೇ. ಈ ಮಧುಮೇಹ ಇರುವ 100 ಮಕ್ಕಳಲ್ಲಿ ಐದಾರು ಮಂದಿಗೆ ಸೀಲಿಯಾಕ್ ಸಿಗುತ್ತದೆ. ಅವರಲ್ಲಿ ಎಷ್ಟೋ ಮಕ್ಕಳು ನಿಮ್ಮ ಮಗನ ಹಾಗೆಯೇ, ಹೊಟ್ಟೆಯ ಸುದ್ದಿಯೇ ಇರುವುದಿಲ್ಲ. ಮಧುಮೇಹ ಗೊತ್ತಾದಾಗ ಒಮ್ಮೆ, ಎರಡು ವರ್ಷದ ಹೊತ್ತಿಗೆ ಒಮ್ಮೆ, ಐದನೇ ವರ್ಷಕ್ಕೆ ಮತ್ತೊಮ್ಮೆ ನೋಡುವುದು ರೂಢಿ. ಕಾರಣವಿಲ್ಲದೆ ಪದೇ ಪದೇ ಶುಗರ್ ಇಳಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕರುಳು ಆಹಾರವನ್ನು ಸರಿಯಾಗಿ ಹೀರಿಕೊಳ್ಳದಿದ್ದರೆ ಹಾಗಾಗುತ್ತದೆ.

ಇದೇ ಸಾಲಿಗೆ ಸೇರುವ ಇತರ ಮಕ್ಕಳು: ಆಟೋಇಮ್ಯೂನ್ ಥೈರಾಯ್ಡ್ ತೊಂದರೆ ಇರುವವರು, ಹುಟ್ಟಿನಿಂದಲೇ ಬರುವ ಡೌನ್, ಟರ್ನರ್ ಅಥವಾ ವಿಲಿಯಮ್ಸ್ ಸಿಂಡ್ರೋಮ್ ಇರುವವರು, ಆಗಲೇ ಹೇಳಿದ ಐಜಿಎ ಕೊರತೆ ಇರುವವರು.

ಯಾವ ಪಟ್ಟಿಗೂ ಸೇರದ ಮಕ್ಕಳೇ ನಮ್ಮ ಕಣ್ಣು ತಪ್ಪಿಸುವುದು. ರಕ್ತ ಕಡಿಮೆ ಅಂತ ಐರನ್ ಸಿರಪ್ ಕೊಟ್ಟೂ ಕೊಟ್ಟೂ ಹಿಮೋಗ್ಲೋಬಿನ್ ಏರದ ಹುಡುಗಿ. ಕಾರಣ ಹೊಳೆಯದೆ ಲಿವರ್ ಕಿಣ್ವಗಳು ಏರಿರುವ ಮಗು. ಮೇಲಿಂದ ಮೇಲೆ ಬಾಯಿಹುಣ್ಣು. ಪ್ರಾಯಕ್ಕೆ ಬರುವುದು ತಡವಾದವರು. ಎತ್ತರದ ವಿಷಯದಲ್ಲಿ, ಮಗು ಕುಳ್ಳಗಿದೆಯಾ ಅನ್ನುವುದಕ್ಕಿಂತ ಬೆಳೆಯುತ್ತಿದ್ದ ದಾರಿ ಬಿಟ್ಟಿತಾ ಅಂತ ನೋಡಬೇಕು. ಬೆಳವಣಿಗೆಯ ಚಾರ್ಟಿನಲ್ಲಿ ಐದು ವರ್ಷದವರೆಗೆ ನಡುಗೆರೆಯ ಮೇಲೇ ಬಂದ ಮಗು ಏಳಕ್ಕೆ ಒಂದು ಗೆರೆ ಕೆಳಗೆ, ಎಂಟಕ್ಕೆ ಎರಡು ಗೆರೆ ಕೆಳಗೆ ಜಾರಿದ್ದರೆ, ಅಪ್ಪ-ಅಮ್ಮ ಕುಳ್ಳಗಿದ್ದಾರೆ ಅನ್ನುವ ಸಮಜಾಯಿಷಿ ಸಾಲದು. ಚಾರ್ಟ್ ಇಲ್ಲದಿದ್ದರೆ ಗೋಡೆಯ ಮೇಲೆ ಪೆನ್ಸಿಲ್ ಗುರುತು, ಪಕ್ಕದಲ್ಲಿ ತಾರೀಖು. ಅದನ್ನೇ ಫೋಟೋ ತೆಗೆದು ತಂದ ತಾಯಂದಿರಿದ್ದಾರೆ. ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಪ್ರಶ್ನೆ: ಅಣ್ಣನ ಮಗನಿಗೆ ಸೀಲಿಯಾಕ್ ಇದೆ ಅಂತ ನನ್ನ ಮಗಳಿಗೆ ಜೀನ್ ಪರೀಕ್ಷೆ ಮಾಡಿಸಿದೆ. ಡಿಕ್ಯೂ2 ‘ಪಾಸಿಟಿವ್’ ಬಂದಿದೆ. ಎರಡು ದಿನದಿಂದ ನಿದ್ದೆ ಇಲ್ಲ.

ಉತ್ತರ: ನಿದ್ದೆ ಮಾಡಿ. ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ 100ರಲ್ಲಿ 30-40 ಜನರಲ್ಲಿ ಇರುತ್ತದೆ. ಅವರಲ್ಲಿ ಬಹುಪಾಲು ಜನ ಜೀವನಪೂರ್ತಿ ಗೋಧಿ ತಿಂದುಕೊಂಡು ಆರಾಮಾಗಿರುತ್ತಾರೆ. ಈ ಪರೀಕ್ಷೆ ಬೆಲೆ ಬಾಳುವುದು ನೆಗೆಟಿವ್ ಬಂದಾಗ: ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ಮಗಳಿಗೆ ಟಿಟಿಜಿ ಪರೀಕ್ಷೆ ಒಂದು ಮಾಡಿಸಿ. ಗೋಧಿ ನಿಲ್ಲಿಸಿಲ್ಲ ತಾನೇ?

ಪ್ರಶ್ನೆ: ನನಗೆ ಸೀಲಿಯಾಕ್ ಇದೆ. ಮಗುವಿಗೆ ಆರು ತಿಂಗಳು. ಗೋಧಿ ತಡವಾಗಿ ಶುರು ಮಾಡಿದರೆ ಕಾಯಿಲೆ ತಪ್ಪುತ್ತಾ?

ಉತ್ತರ: ತಪ್ಪುವುದಿಲ್ಲ. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಇದನ್ನೇ ನೋಡಿದ್ದರು. ಬೇಗ ಕೊಟ್ಟರೂ ತಡಮಾಡಿದರೂ ಕೊನೆಗೆ ಕಾಯಿಲೆ ಬರುವವರ ಸಂಖ್ಯೆ ತಗ್ಗಲಿಲ್ಲ. ಎದೆಹಾಲಿಗೆ ಬೇರೆ ಹತ್ತಾರು ಒಳ್ಳೇ ಗುಣಗಳಿವೆ, ಆದರೆ ಸೀಲಿಯಾಕ್ ತಡೆಯುವ ಗುಣ ಕಂಡುಬಂದಿಲ್ಲ. ನಾಲ್ಕು ತಿಂಗಳು ತುಂಬಿದ ಮೇಲೆ, ವರ್ಷ ತುಂಬುವುದರೊಳಗೆ ಯಾವಾಗ ಬೇಕಾದರೂ ಶುರು ಮಾಡಬಹುದು. ಮೊದಲ ಕೆಲವು ವಾರ ಸ್ವಲ್ಪಸ್ವಲ್ಪವೇ ಕೊಡಿ. ಮಗುವಿನ ಬಟ್ಟಲು, ಚಮಚ ನಿಮ್ಮ ಪಾತ್ರೆಗಳ ಜೊತೆ ಸೇರದಂತೆ ಬೇರೆ ಇಡಿ. ತಿನ್ನಿಸಿದ ಮೇಲೆ ಕೈ ತೊಳೆದುಕೊಳ್ಳಿ, ಮಗು ಬಿಟ್ಟದ್ದನ್ನು ನೀವು ಬಾಯಿಗೆ ಹಾಕಿಕೊಳ್ಳಬೇಡಿ.