ಪುಟ್ಟ ಮೊಬೈಲ್ ಜಾಮರ್ ಒಂದನ್ನು ಹೊರದೇಶದಿಂದ ತರಿಸಬಹುದಾ?

ಮಕ್ಕಳು ಓದುವ ಕೋಣೆಯಲ್ಲಿ ಫೋನ್ ಕಾಟ ತಪ್ಪಿಸೋಕೆ ಆನ್‌ಲೈನ್‌ನಲ್ಲಿ ಒಂದು ಜಾಮರ್, ಅಂದ್ರೆ ಸುತ್ತಲಿನ ಫೋನ್‌ಗಳಿಗೆ ಸಿಗ್ನಲ್ ಸಿಗದ ಹಾಗೆ ಮಾಡುವ ಪೆಟ್ಟಿಗೆ, ನೋಡಿಟ್ಟಿದ್ದೀರಿ. ಕಸ್ಟಮ್ಸ್‌ನಲ್ಲಿ ಹಿಡೀತಾರಾ, ನಮ್ಮ ಕೋಣೆಯೊಳಗೆ ಮಾತ್ರ ಬಳಸಿದರೂ ತಪ್ಪಾ ಅಂತ ಕೇಳಿದ್ದೀರಿ. ದಯವಿಟ್ಟು ತರಿಸಬೇಡಿ. ರೇಡಿಯೋ ಸಿಗ್ನಲ್‌ಗೆ ಎಲ್ಲಿಂದ ಅಡ್ಡಿ ಬರುತ್ತಿದೆ ಅಂತ ಹುಡುಕುವುದೇ ನನ್ನ ಕೆಲಸ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನು. ಭಾರತದಲ್ಲಿ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಜಾಮರ್ ಬಳಸುವಂತಿಲ್ಲ, ಮಾರುವಂತಿಲ್ಲ, ಆಮದು ಮಾಡಿಕೊಳ್ಳುವಂತಿಲ್ಲ. ಖಾಸಗಿಯವರು ಕೊಳ್ಳುವಂತೆಯೇ ಇಲ್ಲ. ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಅಮೆರಿಕದಲ್ಲಿ ಫೆಡರಲ್ ಸರ್ಕಾರಕ್ಕೆ ಬಿಟ್ಟರೆ ಅಲ್ಲಿನ ಸ್ಥಳೀಯ ಪೊಲೀಸರಿಗೂ ಇದನ್ನು ಬಳಸುವ ಹಕ್ಕಿಲ್ಲ.

ಬಳಸಿದವರನ್ನು ಹಿಡಿದರೆ ಸಾಲದಾ, ಗಡಿಯಲ್ಲೇ ಯಾಕೆ ತಡೆಯಬೇಕು? ಯಾಕಂದ್ರೆ ಒಳಗೆ ಬಂದ ಮೇಲೆ ಹುಡುಕುವುದು ತುಂಬಾ ಕಷ್ಟ. ಜಾಮರ್ ಸಿಗ್ನಲ್ಲನ್ನು ಪರದೆ ಹಾಕಿದ ಹಾಗೆ ತಡೆಯುವುದಿಲ್ಲ. ಟವರ್ ಮಾತಾಡುವ ಫ್ರೀಕ್ವೆನ್ಸಿಯಲ್ಲೇ ಜೋರಾಗಿ ಕಿರುಚುತ್ತದೆ, ಅಷ್ಟೇ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ಗೆರೆಯಾಗಿ ತೋರಿಸುವ ನಮ್ಮ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಟವರ್ ಸಿಗ್ನಲ್‌ಗಳು ಚಪ್ಪಟೆ ತಲೆಯ ದಿಬ್ಬಗಳ ಹಾಗೆ ಕಾಣುತ್ತವೆ, ಅಡಿಯಲ್ಲಿ ಹುಲ್ಲಿನಂಥ ಸಣ್ಣ ಗದ್ದಲ. ಜಾಮರ್ ಹಚ್ಚಿದ ಕೂಡಲೇ ಆ ಹುಲ್ಲು ಎದ್ದು ದಿಬ್ಬಗಳನ್ನೇ ಮುಚ್ಚಿಬಿಡುತ್ತದೆ. ಆ ಕಿರುಚಾಟಕ್ಕೆ ನಿಮ್ಮ ಗೋಡೆ ಎಲ್ಲಿದೆ ಅಂತ ಗೊತ್ತಿರುವುದಿಲ್ಲ.

ಒಂದು ಸಲ ಆಂಟೆನಾ ಹಿಡಿದು ಅರ್ಧ ದಿನ ಅಲೆದ ಮೇಲೆ ಸಿಕ್ಕಿದ್ದು ಮೇಜಿನ ಅಡಿಯಲ್ಲಿ ಅಂಟಿಸಿದ್ದ ಅಂಗೈಯಗಲದ ಕಪ್ಪು ಪೆಟ್ಟಿಗೆ. ಇಟ್ಟವರು ಕೆಟ್ಟವರೇನಲ್ಲ, ನಿಮ್ಮ ಹಾಗೇ ಯೋಚಿಸಿದ್ದರು. ಪಕ್ಕದ ಕಟ್ಟಡದಲ್ಲಿ ವಯಸ್ಸಾದವರೊಬ್ಬರು ಕಾಲ್ ಹೋಗ್ತಾನೇ ಇಲ್ಲ ಅಂತ ಫೋನನ್ನು ರಿಪೇರಿಗೆ ಕೊಟ್ಟಿದ್ದರು. ಆ ದಿನಗಳಲ್ಲಿ ಅವರಿಗೆ ಆಂಬ್ಯುಲೆನ್ಸ್ ಬೇಕಾಗಿದ್ದರೆ? ತುರ್ತು ಕರೆಯನ್ನು ಬಿಟ್ಟು ಬೇರೆಯದನ್ನಷ್ಟೇ ತಡೆಯುವ ಬುದ್ಧಿ ಆ ಪೆಟ್ಟಿಗೆಗೆ ಇಲ್ಲ.

ಜಿಪಿಎಸ್ ಜಾಮರ್ ಇನ್ನೂ ಅಪಾಯ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ನೆಲಕ್ಕೆ ಬರುವ ಹೊತ್ತಿಗೆ ಸಿಗ್ನಲ್ ತೀರಾ ಕ್ಷೀಣ, ಸಣ್ಣ ಜಾಮರ್ ಕೂಡ ಅದನ್ನು ಮುಳುಗಿಸಿಬಿಡುತ್ತದೆ. 2012ರಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದ ಹತ್ತಿರ ಒಬ್ಬ ಚಾಲಕ, ತನ್ನ ಗಾಡಿ ಎಲ್ಲಿದೆ ಅಂತ ಮಾಲೀಕನಿಗೆ ಗೊತ್ತಾಗಬಾರದು ಅಂತ ಇಂಥದ್ದೊಂದನ್ನು ಇಟ್ಟುಕೊಂಡಿದ್ದ. ವಿಮಾನ ಇಳಿಸಲು ನೆರವಾಗುವ ಹೊಸ ವ್ಯವಸ್ಥೆಗೇ ಅದರಿಂದ ಅಡ್ಡಿಯಾಯಿತು. ಮರುವರ್ಷ ಅವನಿಗೆ ಬಿದ್ದ ದಂಡ 31,875 ಡಾಲರ್.

ಇನ್ನು ಪಾರ್ಸೆಲ್ ವಿಷಯ. 'ರೂಟರ್', 'ಬೂಸ್ಟರ್' ಅಂತ ಬರೆದು ಕಳಿಸುತ್ತೇವೆ ಅನ್ನುವ ಮಾರಾಟಗಾರರಿದ್ದಾರೆ. ನಂಬಬೇಡಿ. ಸಿಕ್ಕಿಬಿದ್ದರೆ ವಿಳಾಸ ನಿಮ್ಮದು, ಅವರದಲ್ಲ. ಸುಳ್ಳು ಘೋಷಣೆಯ ತೊಂದರೆ ಬೇರೆ.

ಆರ್ಡರ್ ಮಾಡಿದ್ದರೆ ಇವತ್ತೇ ರದ್ದು ಮಾಡಿ. ಬಂದುಬಿಟ್ಟಿದ್ದರೆ ಸುಮ್ನೆ ನೋಡೋಣ ಅಂತಲೂ ಹಚ್ಚಬೇಡಿ. ಓದುವ ಹೊತ್ತಿಗೆ ಫೋನ್‌ಗಳನ್ನೆಲ್ಲ ಬಾಗಿಲ ಹೊರಗೆ ಒಂದು ಬುಟ್ಟಿಯಲ್ಲಿ ಇಡಿಸಿ, ನಿಮ್ಮದನ್ನೂ ಸೇರಿಸಿ. ವೈಫೈಯನ್ನು ರೂಟರ್‌ನಲ್ಲೇ ಅಷ್ಟು ಹೊತ್ತು ಆಫ್ ಆಗುವ ಹಾಗೆ ಇಟ್ಟರೆ ಆಯ್ತು.